ಮೇಡಂ ಗುರುತಿಸಿದ ನೀಲಿ ಹೂ

ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದ ಆಕೆಯನ್ನು ಬಡಾವಣೆಯವರು ಬೆನ್ನ ಹಿಂದೆ ‘ಭೂತಗನ್ನಡಿ ಮೇಡಂ’ ಎನ್ನುತ್ತಿದ್ದರು. ಅದು ಅವರಿಗೆ ಗೊತ್ತಿತ್ತು. ಮುಂದೆ ಬಂದು ಹೇಳುವ ಗಂಡೆದೆ ಒಬ್ಬರಿಗೂ ಇಲ್ಲವಲ್ಲ ಎಂಬುದಷ್ಟೇ ಅವರ ದೂರು. ಹೂ ನೋಡಲು ಅವರಿಗೆ ಭೂತಗನ್ನಡಿ ಬೇಕಿತ್ತು. ಮನುಷ್ಯರ ದಡ್ಡತನ ಬರಿಗಣ್ಣಿಗೇ ಕಾಣುತ್ತಿತ್ತು.

ಆ ದಡ್ಡರ ಸಾಲಿನಲ್ಲಿ ಮೊದಲಿನವಳು ಅವರ ಓರಗಿತ್ತಿ. ಮೈದುನನ ಹೆಂಡತಿ, ಮಹಡಿ ಮೇಲೆ ಬ್ಯೂಟಿ ಪಾರ್ಲರ್ ಇಟ್ಟುಕೊಂಡವಳು. “ಹುಬ್ಬು ಕೀಳೋದಕ್ಕೂ ಬೋರ್ಡು ಬೇರೆ” ಎಂದು ಮೇಡಂ ಮೂಗು ಮುರಿಯುತ್ತಿದ್ದರು. ಎರಡನೆಯವರು ಬಡಾವಣೆ ಸಂಘದ ಅಧ್ಯಕ್ಷರು. ಬಚ್ಚಲುಮನೆಯ ಟೈಲ್ಸ್ ಮಾರಿ ಮೇಲೆ ಬಂದವರು. ಹಿಂದಿನ ಸಭೆಯಲ್ಲಿ ಮೇಡಂ ಎಲ್ಲರ ಎದುರೇ, “ನಿಮಗೆ ಗೊತ್ತಿರೋ ಹೂವೆಲ್ಲ ಟೈಲ್ಸ್ ಮೇಲಿರೋವು” ಎಂದುಬಿಟ್ಟಿದ್ದರು. ಅಂದಿನಿಂದ ಸಂಘದವರು ಅವರನ್ನು ಯಾವುದಕ್ಕೂ ಕರೆಯುತ್ತಿರಲಿಲ್ಲ.

ಹಾಗಾಗಿ ಬಸ್ ಡಿಪೋ ಹಿಂದಿನ ಕೆರೆಯನ್ನು ಸ್ವಚ್ಛ ಮಾಡುವ ಸುದ್ದಿ ಅವರಿಗೆ ಮುಟ್ಟಿದ್ದು ಓರಗಿತ್ತಿಯಿಂದ.

“ಅಕ್ಕಾ, ವಿದೇಶಿ ಕಳೆ ಕೀಳ್ತಿದ್ದಾರಂತೆ. ನೋಡೋಕೆ ಬರ್ತೀರಾ?”

“ಅವರಿಗೆ ಕಳೆ ಯಾವುದು ಅಂತ ಹೇಳಿದ್ದು ಯಾರು?” ಎನ್ನುತ್ತಲೇ ಮೇಡಂ ಚಪ್ಪಲಿ ಮೆಟ್ಟಿದರು.

ಕೆರೆಯ ದಡದಲ್ಲಿ ಮೊಣಕಾಲೆತ್ತರದ ರಾಶಿ ಬಿದ್ದಿತ್ತು. ಮೇಡಂ ಒಂದು ಗಿಡ ಎತ್ತಿ ನೋಡಿದರು. ಅಷ್ಟೂ ಇಲ್ಲೇ ಹುಟ್ಟಿ ಬೆಳೆದ ಗಿಡ. ನಿಜವಾದ ಕಳೆ ನೀರಿನ ಮೇಲೆ ರಾಜಾರೋಷವಾಗಿ ತೇಲುತ್ತಿತ್ತು. ಫೋಟೋಗೆ ಚೆನ್ನಾಗಿರುತ್ತದೆಂದು ಬಿಟ್ಟಿದ್ದರಂತೆ.

“ಇದನ್ನ ಗುರುತಿಸಿದ್ದು ಯಾರು?”

“ಫೋನು, ಮೇಡಂ. ತೊಂಬತ್ತು ಪರ್ಸೆಂಟ್ ಗ್ಯಾರಂಟಿ ಅಂತು,” ಎಂದರು ಅಧ್ಯಕ್ಷರು.

“ಉಳಿದ ಹತ್ತಕ್ಕೆ ನಿಮ್ಮ ತಲೆ ಹಾಕಬೇಕಿತ್ತು. ಅದನ್ನ ಮನೇಲಿ ಬಿಟ್ಟು ಬಂದ್ರಾ?” ಮೇಡಂ ನೀರಿನತ್ತ ಕೈ ಚಾಚಿದರು. “ಅಲ್ನೋಡಿ. ಎಲೆ ತೊಟ್ಟು ಬಲೂನಿನ ಹಾಗೆ ಊದಿಕೊಂಡಿದೆ, ಮೇಲಿನ ಎಸಳಲ್ಲಿ ಹಳದಿ ಚುಕ್ಕೆ. ಅದು ಹೊರಗಿನದು. ಇದು ಕೆಸರಲ್ಲಿ ಬೇರು ಬಿಡೋದು, ತೊಟ್ಟು ಊದಿಲ್ಲ. ಹೂವಿನೊಳಗೆ ಆರು ಕೇಸರ. ಐದು ಹಳದಿ, ಒಂದು ಮಾತ್ರ ದೊಡ್ಡದು, ನೀಲಿ.”

ಯಾರೂ ಬಗ್ಗಿ ನೋಡಲಿಲ್ಲ.

“ಎರಡೂ ನೀಲಿ ಹೂವೇ ಅಲ್ವಾ ಮೇಡಂ?” ಎಂದರು ಅಧ್ಯಕ್ಷರು.

“ನೀವೂ ನಿಮ್ಮ ಭಾವನೂ ಇಬ್ಬರೂ ಬೋಳುತಲೆ. ಹಾಗಂತ ಮನೇಲಿ ಇಬ್ಬರಿಗೂ ಒಂದೇ ಮಾತ್ರೆ ಕೊಡ್ತಾರಾ?”

ಸುತ್ತಲಿದ್ದವರು ಕಿಸಕ್ಕೆಂದರು. ಕೆಲಸ ಕೆಟ್ಟಿದ್ದು ಅಲ್ಲೇ. ಅಧ್ಯಕ್ಷರ ಬೋಳುತಲೆ ಕೆಂಪಾಯಿತು. “ಲಾರಿ ಬಂತು, ರಾಶಿ ತುಂಬ್ರಪ್ಪ!” ಎಂದು ಅವರು ಕೂಗಿದರು.

ಮಂಗನ ಕೈಗೆ ಮಾಣಿಕ್ಯ ಸಿಕ್ಕರೆ ಇನ್ನೇನಾದೀತು ಎಂದು ಗೊಣಗುತ್ತ ಮೇಡಂ ಮನೆಯ ಕಡೆ ತಿರುಗಿದರು. ನಾಲ್ಕು ಹೆಜ್ಜೆ ಇಟ್ಟ ಮೇಲೆ ನೋಡಿದರೆ ಓರಗಿತ್ತಿ ಜೊತೆಗಿಲ್ಲ. ರಾಶಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಹೂವೊಂದನ್ನು ಬಿಡಿಸುತ್ತಿದ್ದಳು.

“ಅಕ್ಕಾ, ಇದೇನಾ ಆ ದೊಡ್ಡ ಕೇಸರ? ಅಯ್ಯೋ, ಇರೋದೇ ಇಷ್ಟು!”

ಆಮೇಲೆ ಎದ್ದು ಅಧ್ಯಕ್ಷರ ಹತ್ತಿರ ಹೋದಳು. “ಅಣ್ಣಾ, ಲಾರಿಗೆ ಮೊದಲು ಆ ತೇಲ್ತಿರೋದನ್ನ ತುಂಬಿಸಿಬಿಡಿ. ಕೆರೆ ಕನ್ನಡಿ ಥರ ಕಾಣುತ್ತೆ, ಫೋಟೋನೂ ಚೆನ್ನಾಗಿ ಬರುತ್ತೆ. ಈ ರಾಶಿ ನಮಗಿರಲಿ, ನೀವ್ಯಾಕೆ ಕೈ ಕೊಳೆ ಮಾಡ್ಕೋತೀರಾ?”

ಅಧ್ಯಕ್ಷರು ನೀರಾದರು. ಇಡೀ ಆಯುಷ್ಯ ಓದಿದ ಶಾಸ್ತ್ರಕ್ಕೆ ಬಗ್ಗದ ತಲೆ ಒಂದು ‘ಅಣ್ಣಾ’ಗೆ ಬಗ್ಗಿತಲ್ಲ ಎಂದು ಮೇಡಂಗೆ ಮೈ ಉರಿದುಹೋಯಿತು. ಆದರೂ ವಾಪಸ್ಸು ಬಂದು ಕೆಸರಿಗಿಳಿದರು.

ಸಂಜೆವರೆಗೆ ಇಬ್ಬರೂ ಆ ರಾಶಿಯ ಗಿಡಗಳನ್ನು ದಡದಲ್ಲಿ ಮತ್ತೆ ನೆಟ್ಟರು. “ಹುಬ್ಬಲ್ಲ ಕಣೇ ಅದು, ಬೇರು ಹರೀತಿದೀಯ!” ಎಂದು ಮೇಡಂ ಬೈಯುವುದು, “ಹೂಂ ಅಕ್ಕ” ಎಂದು ಅವಳು ಮತ್ತೆ ಹಾಗೇ ಮಾಡುವುದು. ಅರ್ಧಕ್ಕರ್ಧ ಗಿಡ ಸತ್ತವು. ಉಳಿದವು ಮುಂದಿನ ವರ್ಷ ದಡದುದ್ದಕ್ಕೂ ಹೂ ಬಿಟ್ಟವು.

ಹೂ ಬಿಡುತ್ತಲೇ ಅಧ್ಯಕ್ಷರು ಮೇಡಂ ಮನೆ ಬಾಗಿಲಿಗೆ ಬಂದರು. ಜನರಿಗೆ ಆ ಹೂವಿನ ಬಗ್ಗೆ ನಾಲ್ಕು ಮಾತು ಹೇಳಬೇಕಂತೆ.

“ಗೋಡೆಗೆ ಬೇಕಾದ್ರೆ ಹೇಳ್ತೀನಿ,” ಎಂದರು ಮೇಡಂ. “ಅದು ಮಧ್ಯದಲ್ಲಿ ಫೋನ್ ನೋಡಲ್ಲ.”

ಕೊನೆಗೆ ಮಾತಾಡಿದ್ದು ಓರಗಿತ್ತಿ. ಮೇಡಂ ಮುಂದಿನ ಸಾಲಿನಲ್ಲಿ ಕೂತು ಅವಳು ಎಲ್ಲಿ ಎಡವುತ್ತಾಳೋ ಎಂದು ಕಿವಿ ನೆಟ್ಟರು. ತೊಟ್ಟು ಸರಿ ಹೇಳಿದಳು. ಬೇರು ಸರಿ ಹೇಳಿದಳು. ಆರು ಕೇಸರವನ್ನು ಜನ ಬಗ್ಗಿ, ಕಣ್ಣು ಕಿರಿದು ಮಾಡಿ ಎಣಿಸುವಂತೆಯೂ ಮಾಡಿದಳು. ಒಂದು ಕಡೆ ಮಾತ್ರ ಬಾಯಿ ತಪ್ಪಿ ಕೇಸರಕ್ಕೆ ಎಸಳು ಎಂದಳು. ಮೇಡಂಗೆ ಜೀವ ಬಂದಂತಾಯಿತು.

ಮನೆಗೆ ಬರುವಾಗ ದಾರಿಯುದ್ದಕ್ಕೂ ಮೇಡಂ ಬಾಯಲ್ಲಿ ಆ ಒಂದು ತಪ್ಪಿನದೇ ಮಾತು.

“ಒಂದೇ ತಪ್ಪಾ ಅಕ್ಕಾ?” ಓರಗಿತ್ತಿಯ ಮುಖ ಅರಳಿತು.

“ಯಾಕೆ, ಸಾಲದಾ?” ಎಂದರು ಮೇಡಂ.