ಮಾಮಿಯ ಮಾತ್ರೆ, ತಡವಾದ ಚಹಾ

ನನ್ನ ಅತ್ತೆಯನ್ನು ನಾನು ಕರೆಯುವುದು ಮಾಮಿ ಎಂದು. ವೇಣೂರಿನ ಪೇಟೆಯಲ್ಲಿ ನಾನು ಬಟ್ಟೆ ಹೊಲಿಯುತ್ತೇನೆ. ಮಾಮಿ ಮನೆಯಲ್ಲಿ ಬೀಡಿ ಕಟ್ಟುತ್ತಾರೆ. ಎರಡು ವರ್ಷದ ಹಿಂದೆ ಅವರ ರವಿಕೆಗೆ ಅಳತೆ ತೆಗೆಯುವಾಗ ತೋಳು ಒಂದೂವರೆ ಇಂಚು ಹೆಚ್ಚಿತ್ತು. ಊಟವಾದರೋ ಅರ್ಧಕ್ಕೆ ಇಳಿದಿತ್ತು. ಮುಖ ಊದಿಕೊಂಡಿತ್ತು. ಸೆಕೆಯಲ್ಲೂ ಹೊದಿಕೆ ಕೇಳುತ್ತಿದ್ದರು, ಬೀಡಿ ಕಟ್ಟುತ್ತಾ ಕುಳಿತಲ್ಲೇ ತೂಕಡಿಸುತ್ತಿದ್ದರು.

"ಪ್ರಾಯ ಆಯಿತಲ್ಲ ಮಗಾ," ಎಂದು ನನಗೇ ಸಮಾಧಾನ ಹೇಳಿದರು.

ನಾನು ಬಿಡಲಿಲ್ಲ. ಬೆಳ್ತಂಗಡಿಯ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ರಕ್ತಪರೀಕ್ಷೆಯಲ್ಲಿ ಥೈರಾಯ್ಡ್ ತೀರ ಕಡಿಮೆ, ಕೊಲೆಸ್ಟ್ರಾಲ್ ತುಂಬ ಹೆಚ್ಚು ಎಂದು ಬಂತು.

"ನಾನು ಎಣ್ಣೆತಿಂಡಿ ಮುಟ್ಟುವುದೇ ಇಲ್ಲವಲ್ಲ," ಎಂದರು ಮಾಮಿ, ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ.

"ನಿಮ್ಮ ತಪ್ಪಲ್ಲ ಅಮ್ಮ," ಎಂದರು ಡಾಕ್ಟರು. "ಥೈರಾಯ್ಡ್ ಕಡಿಮೆಯಾದರೆ ಕೊಬ್ಬು ರಕ್ತದಲ್ಲೇ ನಿಲ್ತದೆ. ಆಮೇಲೆ ರಕ್ತನಾಳದ ಗೋಡೆಯಲ್ಲಿ ಸೇರಿಕೊಳ್ತದೆ. ಒಮ್ಮೆ ಕುತ್ತಿಗೆಯ ಸ್ಕ್ಯಾನ್ ಮಾಡಿಸುವ."

ಮೂಡುಬಿದಿರೆಯಲ್ಲಿ ಸ್ಕ್ಯಾನ್ ಆಯಿತು. ಮಿದುಳಿಗೆ ಹೋಗುವ ರಕ್ತನಾಳದ ಗೋಡೆ ಸ್ವಲ್ಪ ದಪ್ಪವಾಗಿತ್ತು, ಆದರೆ ಎಲ್ಲೂ ಕಟ್ಟಿಕೊಂಡಿರಲಿಲ್ಲ. ಹಿಂತಿರುಗುವ ಬಸ್ಸಿನಲ್ಲಿ ಮಾಮಿ ನನ್ನ ಕೈ ಹಿಡಿದುಕೊಂಡೇ ಕುಳಿತಿದ್ದರು. ನಾನು ಮದುವೆಯಾಗಿ ಬಂದ ಹದಿನೈದು ವರ್ಷದಲ್ಲಿ ಅದು ಮೊದಲ ಸಲ.

ಥೈರಾಯ್ಡ್ ಮಾತ್ರೆ ಶುರುವಾಯಿತು. ಎರಡು ತಿಂಗಳ ನಂತರವೂ ರಿಪೋರ್ಟಿನಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ. ಮಾತ್ರೆ ಹೇಗೆ ತೆಗೆದುಕೊಳ್ತೀರಿ ಎಂದು ಡಾಕ್ಟರು ಕೇಳಿದಾಗ ಮಾಮಿ ತಲೆ ತಗ್ಗಿಸಿದರು. ಖಾಲಿ ಹೊಟ್ಟೆಗೆ ನುಂಗಿ ಅರ್ಧ ಗಂಟೆಯಾದರೂ ಕಾಯಬೇಕೆಂದು ಅವರಿಗೆ ಗೊತ್ತಿತ್ತು. ಆದರೆ ಬೆಳಿಗ್ಗೆ ಎಲ್ಲರಿಗೂ ಚಹಾ ಮಾಡುವವರು ಅವರೇ. ನಾವು ಕುಡಿಯುವಾಗ ತಾನು ಬೇಡವೆಂದರೆ ನಮಗೆ ಬೇಸರವಾದೀತೆಂದು ಚಹಾದ ಜೊತೆಗೇ ನುಂಗುತ್ತಿದ್ದರು.

"ನಾಳೆಯಿಂದ ಚಹಾ ನಾನು ಮಾಡ್ತೇನೆ ಮಾಮಿ. ಆ ಅರ್ಧ ಗಂಟೆ ನಾನೂ ಕುಡಿಯುವುದಿಲ್ಲ," ಎಂದೆ.

"ನಿನಗೆ ಯಾಕೆ ಆ ಕಷ್ಟ?"

"ಇಬ್ಬರೂ ಒಟ್ಟಿಗೆ ಕುಡಿಯುವ."

ಅಂದಿನಿಂದ ಮಾತ್ರೆ ನುಂಗಿದ ಮೇಲೆ ಇಬ್ಬರೂ ಜಗಲಿಯಲ್ಲಿ ಕೂರುತ್ತೇವೆ. ನಾರಾವಿಯ ತವರಿನಲ್ಲಿ ಗದ್ದೆಯಂಚಿನ ಹುಣಿಯ ಮೇಲೆ ಶಾಲೆಗೆ ಓಡಿದ್ದು, ಐದನೇ ಕ್ಲಾಸಿಗೇ ಶಾಲೆ ಬಿಡಿಸಿದಾಗ ಅತ್ತದ್ದು, ಎಲ್ಲ ಹೇಳುತ್ತಾರೆ. ಅವರ ಮಗನಿಗೂ ಗೊತ್ತಿಲ್ಲದ ಸಂಗತಿಗಳು.

ಕೊಲೆಸ್ಟ್ರಾಲ್ ಇಳಿಯಿತು. ಕಳೆದ ತಿಂಗಳು ಮತ್ತೆ ಸ್ಕ್ಯಾನ್ ಮಾಡಿಸಿದಾಗ ರಕ್ತನಾಳದ ಗೋಡೆ ಮೊದಲಿಗಿಂತ ದಪ್ಪವಾಗಿರಲಿಲ್ಲ. ಮಾತ್ರೆ ಬಿಡಬೇಡಿ ಎಂದಷ್ಟೇ ಹೇಳಿ ಡಾಕ್ಟರು ಕಳಿಸಿದರು. ರಿಕ್ಷಾ ಕರೆಯಲು ಹೋದ ನನ್ನನ್ನು ಮಾಮಿ ತಡೆದರು. "ಬಸ್‌ಸ್ಟ್ಯಾಂಡಿಗೆ ನಡೆದೇ ಹೋಗುವ," ಎಂದು ಮುಂದೆ ಹೊರಟೇಬಿಟ್ಟರು. ಅವರ ಜೊತೆ ಸೇರಲು ನಾನು ಬೇಗ ಬೇಗ ಹೆಜ್ಜೆ ಹಾಕಬೇಕಾಯಿತು.