ಎಂಟು ಸಾಲಿನ ಮುಕ್ತಾಯ

ಮೊನ್ನೆ ಹೊಸಂಗಡಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕದ ಗೋಡೆಗೆ ಇಬ್ಬರು ಪೋಸ್ಟರ್ ಅಂಟಿಸುತ್ತಿದ್ದರು. ಬಕೆಟಿನಲ್ಲಿ ಕಾಯಿಸಿದ ಮೈದಾ ಅಂಟು. ಅದರ ಹುಳಿ ವಾಸನೆ ಮೂಗಿಗೆ ಬಂದದ್ದೇ ಅಕ್ಕ ನೆನಪಾದಳು... ಬಂದ ಬಸ್ಸು ಹತ್ತಲು ಮರೆತೆ.

ಅಕ್ಕ ಆಟ ಕಟ್ಟುತ್ತಿದ್ದಳು, ಮೂರ್ನಾಲ್ಕು ಜನ ಕೂತು ಕಥೆಯ ಪಾತ್ರಗಳಾಗಿ ಆಡುವಂಥದ್ದು. ಹೊಲಿಗೆ ಕೆಲಸ ಮುಗಿಸಿ ಬಂದು ನೋಟ್ ಪುಸ್ತಕದಲ್ಲಿ ಬರೆಯುತ್ತಿದ್ದಳು. ಲೋಕವೆಲ್ಲ ಹಾಳಾದ ಮೇಲಿನ ಕಥೆ. ಕಡಲು ಏರಿ ಊರ ಬಾವಿಗಳೆಲ್ಲ ಉಪ್ಪಾಗಿವೆ. ಉಳಿದ ಮೂವರು ಸಿಹಿನೀರು ಹುಡುಕುತ್ತ ಅನಂತಪುರದ ಕೆರೆಯ ಕಡೆ ನಡೆಯುತ್ತಾರೆ. ಆಡುವವರು ಆ ಮೂವರಾಗಿ ಮಾತಾಡಬೇಕು, ನಿರ್ಧಾರ ಮಾಡಬೇಕು. ಒಬ್ಬೊಬ್ಬರಿಗೂ ಒಂದು ಗುರಿ. ಆಟದಲ್ಲಿ ನಾನು ಲಾರಿ ಡ್ರೈವರ್. ಉಳಿದ ಒಂದೇ ಕ್ಯಾನ್ ಡೀಸೆಲನ್ನು ನನ್ನ ಮನೆಗೆ ಮುಟ್ಟಿಸುವುದು ನನ್ನ ಗುರಿ. ಆದರೆ ಕೆರೆಯ ಪಂಪು ಓಡಬೇಕಾದರೂ ಅದೇ ಡೀಸೆಲ್ ಬೇಕು. ಕೊಟ್ಟರೆ ಒಂದು ಮುಕ್ತಾಯ, ಕೊಡದಿದ್ದರೆ ಇನ್ನೊಂದು. ಎರಡನ್ನೂ ಬರೆದು, ಬೇರೆ ಬೇರೆ ಲಕೋಟೆಯಲ್ಲಿಟ್ಟು, ಮೈದಾ ಅಂಟು ಹಚ್ಚಿ ಮುಚ್ಚಿದ್ದಳು.

“ಮುಕ್ತಾಯ ಎಂತದ್ದೂಂತ ಗೊತ್ತಿಲ್ಲದೆ ಯಾರಾದರೂ ಡೀಸೆಲ್ ಕೊಡ್ತಾರಾ ಅಂತ ನನಗೆ ನೋಡ್ಲಿಕ್ಕುಂಟು,” ಎಂದಿದ್ದಳು. “ಅದು ಸರಿಯಾದರೆ ಮಂಗಳೂರಿಗೆ ಕಳಿಸುವುದು.”

ಇಂಥ ಆಟಗಳನ್ನು ಅಚ್ಚು ಹಾಕಿಸುವ ಗುಂಪೊಂದು ಅಲ್ಲಿತ್ತು. ತನ್ನ ಹೆಸರಿನ ಒಂದು ಆಟ ಅಚ್ಚಾಗಬೇಕು, ಅಕ್ಕನಿಗೆ ಇದ್ದದ್ದು ಅದೊಂದೇ ಆಸೆ.

ಆಟದಲ್ಲಿ ಒಂದು ನಿಯಮ. ಯಾರ ನಿರ್ಧಾರದಿಂದ ಆಟ ಮುಗಿಯುತ್ತದೋ ಅವರೇ ಲಕೋಟೆ ಒಡೆದು ಗಟ್ಟಿಯಾಗಿ ಓದಬೇಕು. ನಾನು ಏಳನೆಯಲ್ಲಿ ಶಾಲೆ ಬಿಟ್ಟವನು. ನಾಲ್ಕು ಜನರ ಎದುರು ಓದುವುದೆಂದರೆ ನಾಲಗೆ ಒಣಗುತ್ತದೆ. ನನ್ನ ಜೊತೆ ಆಡಲು ಬರುವವರು ಅಕ್ಕನ ಇಬ್ಬರು ಗೆಳತಿಯರು, ಟೀಚರ್ ಕೆಲಸಕ್ಕೆ ಓದುತ್ತಿದ್ದವರು. ಅವರ ಮುಂದೆ ತಡವರಿಸಲು ನಾಚಿಕೆ. ಹಿಂದಿನ ದಿನ ಅಕ್ಕ ಹೊಲಿಗೆಗೆ ಹೋದಾಗ, ಕುದಿಯುವ ಗಂಜಿಯ ಹಬೆಗೆ ಹಿಡಿದು ಎರಡೂ ಲಕೋಟೆ ಬಿಡಿಸಿದೆ. ಕೊಡದಿದ್ದರೆ ಓದಬೇಕಾದದ್ದು ಎರಡು ಪುಟ, ಉದ್ದುದ್ದ ವಾಕ್ಯ. ಕೊಟ್ಟರೆ ಎಂಟೇ ಸಾಲು. ಹಿತ್ತಲಲ್ಲಿ ನಿಂತು ಆ ಎಂಟು ಸಾಲು ಬಾಯಿಪಾಠ ಮಾಡಿ, ಮತ್ತೆ ಅಂಟಿಸಿಟ್ಟೆ.

ಮರುದಿನ ಆಟ ಕೆರೆಯ ಬದಿಗೆ ಮುಟ್ಟಿತು. ಗೆಳತಿಯರಲ್ಲಿ ಒಬ್ಬಳು ನಗುತ್ತ ಕೇಳಿದಳು: “ಡ್ರೈವರಣ್ಣ, ಆ ಕ್ಯಾನ್ ಇಲ್ಲಿ ಕೊಡಿ. ಮನೆಗೆ ಹೋಗಿ ನಿಮಗೆ ಎಂತ ಮಾಡ್ಲಿಕ್ಕುಂಟು? ಹೆಂಡತಿ ಕೂಡ ಇಲ್ಲ.”

“ಕೊಟ್ಟೆ,” ಎಂದೆ.

“ಇಷ್ಟು ಬೇಗವಾ? ಸ್ವಲ್ಪ ಆಲೋಚನೆ ಮಾಡು ಮಾರಾಯ,” ಎಂದಳು ಅಕ್ಕ.

“ಆಲೋಚನೆ ಎಂತದ್ದು ಅಕ್ಕ. ಜನ ಬದುಕ್ಲಿ.”

ಲಕೋಟೆ ಒಡೆದು ಎಲ್ಲೂ ತಡವರಿಸದೆ ಓದಿದೆ. ಅಕ್ಕನ ಕಣ್ಣು ತುಂಬಿತ್ತು. ನಾನು ಕೊಟ್ಟದ್ದಕ್ಕೋ, ಓದಿದ್ದಕ್ಕೋ... ಕೇಳಲಿಲ್ಲ.

ಅಕ್ಕ ಆಟವನ್ನು ಮಂಗಳೂರಿಗೆ ಕಳಿಸಿದಳು. ಅಲ್ಲಿಯವರು ಮೂರು ಸಲ ಆಡಿ ನೋಡಿದರಂತೆ. ಯಾರೂ ಡೀಸೆಲ್ ಕೊಡಲಿಲ್ಲ. ಕೊಡಲು ಆಟದೊಳಗೆ ಕಾರಣವೇ ಇಲ್ಲ, ಡ್ರೈವರನ ಗುರಿ ಬದಲಿಸಿದರೆ ಅಚ್ಚು ಹಾಕುತ್ತೇವೆ ಎಂದು ಫೋನ್ ಮಾಡಿದರು. ಅಕ್ಕ ಒಪ್ಪಲಿಲ್ಲ. “ಯಾಕೆ ಕೊಡುವುದಿಲ್ಲ ಸರ್? ನನ್ನ ತಮ್ಮ ಕೊಟ್ಟಿದ್ದಾನೆ, ನನ್ನ ಎದುರೇ,” ಎಂದು ಅವಳು ವಾದಿಸುತ್ತಿದ್ದದ್ದು ಬಾಗಿಲ ಹಿಂದೆ ನಿಂತಿದ್ದ ನನಗೆ ಕೇಳುತ್ತಿತ್ತು. ಹೊರಗೆ ಬಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಬರಲಿಲ್ಲ. ಆಟ ಅಚ್ಚಾಗಲಿಲ್ಲ. ಇನ್ನೊಂದನ್ನು ಅವಳು ಕಟ್ಟಲೂ ಇಲ್ಲ.

ಆಮೇಲೂ ಹೇಳಬಹುದಿತ್ತು. ಅಕ್ಕ ಕಾಯಿಲೆ ಬಿದ್ದು ಆಸ್ಪತ್ರೆಯಲ್ಲಿದ್ದಾಗ ಪಕ್ಕದ ಹಾಸಿಗೆಯವರಿಗೆ ನನ್ನನ್ನು ತೋರಿಸಿ, “ಇವ ತನ್ನದನ್ನು ಕೊಡುವವ,” ಎಂದಿದ್ದಳು. ನಾನು ಕಿತ್ತಳೆ ಸುಲಿಯುತ್ತ ಕೂತಿದ್ದೆ...

ಅಕ್ಕ ಹೋಗಿ ಎರಡು ವರ್ಷವಾಯಿತು. ನಾನು ಕೆಲಸ ಮಾಡುವ ಟೈರ್ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು ಯೋಚಿಸುತ್ತೇನೆ. ಲಕೋಟೆ ಬಿಡಿಸದೆ ಇದ್ದಿದ್ದರೆ ಡೀಸೆಲ್ ಕೊಡುತ್ತಿದ್ದೆನೇ? ಇಲ್ಲ, ಮನೆಗೇ ಒಯ್ಯುತ್ತಿದ್ದೆ. ಆ ಎರಡು ಪುಟವನ್ನು ತಡವರಿಸುತ್ತ ಓದುತ್ತಿದ್ದೆ. ಗೆಳತಿಯರು ನಗುತ್ತಿದ್ದರು. ಅಕ್ಕ ಮರುದಿನವೇ ಕೂತು ಡ್ರೈವರನ ಗುರಿಯನ್ನು ತಿದ್ದಿ ಬರೆಯುತ್ತಿದ್ದಳು.