ಶಂಕರೆಪ್ಪನವರ ದಾಳಿಯ ಕಾರ್ಡು

ಬೈಲಹೊಂಗಲದ ಅರಿವೆ ಅಂಗಡಿ ಶಂಕರೆಪ್ಪನವರಿಗೆ ಇಸ್ಪೀಟು ನೀರು ಕುಡಿದಷ್ಟು ಸಲೀಸು. ಮಗಳು ಮೀನಾ ತಂದ ಹೊಸ ಆಟ ಮಾತ್ರ ತಲೆಗೆ ಹತ್ತಿಲ್ಲ. ಅದರಲ್ಲಿ ನಡುವೆ ಇಟ್ಟ ಕಾರ್ಡುಗಳನ್ನು ಕೊಂಡು ತಮ್ಮ ಕಟ್ಟಿಗೆ ಸೇರಿಸಿಕೊಳ್ಳುತ್ತ ಹೋಗಬೇಕು; ಕೊಂಡದ್ದು ಮುಂದೆ ಆ ಕಟ್ಟನ್ನು ಕಲಸಿ ಎತ್ತಿಕೊಂಡಾಗಷ್ಟೇ ಕೈಗೆ ಬರುತ್ತದೆ. "ಕೊಂಡದ್ದು ಈಗ ಯಾಕ ಕೈಗೆ ಬರೂದಿಲ್ಲ? ಹಿಂಗ ಮಾಡಿದ್ರ ನನ್ನ ಅಂಗಡಿಗಿ ಗಿರಾಕಿ ಬರತಾರೇನು?" ಎಂದು ಪ್ರತಿ ಸಲ ಕೇಳುತ್ತಾರೆ. ದಾಳಿಯ ಕಾರ್ಡು ಕಂಡರೆ ಮಾತ್ರ ಕೊಳ್ಳದೆ ಬಿಡುವವರಲ್ಲ. ಅದನ್ನು ಇಳಿಸಿದರೆ ಎದುರಿನವರು ಎರಡು ಕಾರ್ಡು ಚೆಲ್ಲಬೇಕು. ಆದರೆ ಅದು ಕೈಗೆ ಬಂದೊಡನೆ ಕನ್ನಡಕ ಒರೆಸುತ್ತಾರೆ, ಹೆಂಡತಿ ಅನ್ನಪೂರ್ಣಾರ ಮುಖ ನೋಡುತ್ತಾರೆ, "ಇದನ್ನ ಯಾವಾಗ ಹಾಕಬೇಕವಾ?" ಎಂದು ಮಗಳನ್ನು ಕೇಳುತ್ತಾರೆ. "ಅವ್ವನ ಕೈಯಾಗ ಚಲೋ ಕಾರ್ಡು ತುಂಬಿದಾಗ, ಅಪ್ಪಾ" ಎಂದು ಮೀನಾ ಹೇಳಿ ಹೇಳಿ ಸೋತಿದ್ದಾಳೆ. "ಮುಂದಿನ ಸರದಿಗಿ ಇಟ್ಟಿರತೇನಿ" ಎನ್ನುತ್ತಾರೆ. ಆಡದ ಕಾರ್ಡನ್ನು ಸರದಿ ಮುಗಿದೊಡನೆ ಕೆಳಗಿಡಬೇಕೆಂಬುದು ಆಟದ ನೇಮ. ಆಮೇಲೆ ಅದು ಎಲ್ಲಿ ಹೋಯಿತೆಂದು ಜಮಖಾನೆ ಎತ್ತಿ ಹುಡುಕುತ್ತಾರೆ. ಮೊನ್ನೆಯೂ ಹಾಗೇ ತಡವರಿಸುತ್ತಿದ್ದಾಗ, ಲಕ್ವ ಹೊಡೆದ ಮೇಲೆ ಎಡಗೈಯೊಂದರಲ್ಲೇ ಕಾರ್ಡು ಹಿಡಿಯುವ ಅನ್ನಪೂರ್ಣಾ ಗಂಡನನ್ನೇ ದಿಟ್ಟಿಸಿದರು. "ಮನ್ಯಾಗ ಎಲ್ಲಾರೂ ನನ್ನ ಗಾಜಿನ ಗೊಂಬಿ ಮಾಡೀರಿ. ನೀವರೆ ನನ್ನ ಜೋಡಿ ಖರೇ ಆಡ್ರಿ." ಮಾಡುತ್ತಿರುವುದು ತಪ್ಪೋ ಸರಿಯೋ ತಿಳಿಯದೆ ಶಂಕರೆಪ್ಪನವರು ಕಾರ್ಡು ಇಳಿಸಿಯೇಬಿಟ್ಟರು. ಆಕೆ ಎರಡು ಒಳ್ಳೆಯ ಕಾರ್ಡು ಚೆಲ್ಲಿ, "ಕರುಳು ಐತೇನ್ರಿ ನಿಮಗ? ಕಟಗೊಂಡ ಹೆಂಡತಿ ಕಾರ್ಡು ಕಸಕೋತೀರಿ!" ಎಂದು ಒಂದೇ ಸಮನೆ ಬೈದರು. ಲಕ್ವ ಹೊಡೆದಾಗಿನಿಂದ ಆಕೆ ಗಂಡನನ್ನು ಬೈದದ್ದು ಅದೇ ಮೊದಲು. ಇನ್ನೊಂದು ದಾಳಿಯ ಕಾರ್ಡು ಇದೆಯೇ ಎಂದು ಶಂಕರೆಪ್ಪನವರು ಗಡಬಡಿಸಿ ಕೈಯಲ್ಲಿದ್ದುದನ್ನೆಲ್ಲ ತಡಕಾಡಿದರು.